ಕರಗುವ ನೆಲ, ಸೀಳಿದ ಕೊಳವೆ: ಆರ್ಕ್ಟಿಕ್ ಕ್ಷೇತ್ರಕಾರ್ಯವನ್ನು ಶಾಲೆಗೆ ತಂದ ಒಂದು ಪ್ರಕರಣ

ಧ್ರುವ ಪ್ರದೇಶಕ್ಕೆ ಹೋಗುವ ಸಂಶೋಧನಾ ತಂಡಗಳ ಜೊತೆ ಶಾಲಾ ಶಿಕ್ಷಕರನ್ನೂ ಕಳಿಸುವ ಪದ್ಧತಿ ಅಮೆರಿಕದಲ್ಲಿ ಹಲವು ವರ್ಷಗಳಿಂದ ಇದೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಪೋಲಾರ್‌ಟ್ರೆಕ್. ಹಣ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ್ದು, ಅದನ್ನು ಬೆಳೆಸಿದ್ದು ಆರ್ಕಸ್ ಎಂಬ ಸಂಶೋಧನಾ ಒಕ್ಕೂಟ. ಶಿಕ್ಷಕರು ಕೆಲವು ವಾರ ತಂಡದವರಂತೆಯೇ ದುಡಿಯುತ್ತಾರೆ, ದಿನಚರಿ ಬರೆಯುತ್ತಾರೆ, ಮರಳಿದ ಮೇಲೆ ಕಂಡದ್ದನ್ನು ಶಾಲೆಗೂ ಊರಿಗೂ ಹಂಚುತ್ತಾರೆ. ಹೋಗಿಬರುವ ಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ನಡೆಯುತ್ತದೆ. ಹಂಚುವ ಭಾಗದಲ್ಲೇ ಎಡವುವುದು ಹೆಚ್ಚು.

ಇಲ್ಲಿ ಬರೆದಿರುವುದು ಅಂಥ ಒಂದು ವ್ಯವಸ್ಥೆಯಡಿ ಅಲಾಸ್ಕಕ್ಕೆ ಹೋಗಿಬಂದ ಶಿಕ್ಷಕಿಯೊಬ್ಬರ ಪ್ರಕರಣ. ವ್ಯಕ್ತಿ, ಶಾಲೆ, ಪಟ್ಟಣ, ಹಳ್ಳಿ ಯಾವುದರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದೆ, ವರ್ಷವನ್ನೂ ಬಿಟ್ಟಿದೆ. ಅಳತೆಯ ವಿಧಾನ ಮತ್ತು ತಪ್ಪುಗಳ ಕಾರಣಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದೆ.

ಹಿನ್ನೆಲೆ

ಶಿಕ್ಷಕಿ ಅಮೆರಿಕದ ಉತ್ತರ ಭಾಗದಲ್ಲಿ, ಕೆನಡಾ ಗಡಿಗೆ ಹತ್ತಿರದ ಸಣ್ಣ ಪಟ್ಟಣವೊಂದರಲ್ಲಿ ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ಚಳಿಗಾಲದಲ್ಲಿ ಅಲ್ಲಿನ ನೆಲ ಒಂದು ಮೀಟರಿಗೂ ಹೆಚ್ಚು ಆಳಕ್ಕೆ ಹೆಪ್ಪುಗಟ್ಟಬಲ್ಲದು. ಈ ಸಂಗತಿ ಮುಂದೆ ಬಹಳ ಮುಖ್ಯವಾಗುತ್ತದೆ.

ತಂಡ ಕೆಲಸ ಮಾಡುತ್ತಿದ್ದುದು ಬ್ರೂಕ್ಸ್ ಪರ್ವತಸಾಲಿನ ಉತ್ತರದ ಟಂಡ್ರಾದಲ್ಲಿ. ಈ ಭಾಗದ ಹೆಸರಾಂತ ಕೇಂದ್ರ ಟೂಲಿಕ್. 68 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಡಾಲ್ಟನ್ ಹೆದ್ದಾರಿಯ ಪಕ್ಕದ ಕೆರೆಯ ದಂಡೆಯಲ್ಲಿ 1975ರಿಂದ ನಡೆಯುತ್ತಿದೆ. ಮರ ಒಂದೂ ಕಾಣದ ಸೀಮೆ. ಕಾಲಿಟ್ಟರೆ ಪಾಚಿ, ಅದರ ನಡುವೆ ಮೊಣಕಾಲೆತ್ತರದ ಹುಲ್ಲಿನ ಗುಪ್ಪೆಗಳು, ಅರ್ಧ ಮೀಟರಿನ ಆಸುಪಾಸು ಕೆಳಗೆ ಕಲ್ಲಿನಂತೆ ಗಟ್ಟಿಯಾದ ಹೆಪ್ಪುನೆಲ. ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿಗೆ ಮೇಲೇರದ ನೆಲವನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಅದರ ಮೇಲೆ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುವುದು ಸಕ್ರಿಯ ಪದರ. ಉತ್ತರ ಗೋಳಾರ್ಧದ ಪರ್ಮಾಫ್ರಾಸ್ಟ್ ಸೀಮೆಯ ಮಣ್ಣಿನಲ್ಲಿ ವಾತಾವರಣದಲ್ಲಿರುವುದರ ಸುಮಾರು ಎರಡರಷ್ಟು ಇಂಗಾಲ ಹುದುಗಿದೆ. ಸಕ್ರಿಯ ಪದರ ವರ್ಷದಿಂದ ವರ್ಷಕ್ಕೆ ಎಷ್ಟು ದಪ್ಪವಾಗುತ್ತಿದೆ ಎಂಬ ಲೆಕ್ಕಕ್ಕೆ ಬೆಲೆ ಬಂದದ್ದು ಇದರಿಂದ. ಈ ಅಳತೆಗೆಂದೇ 1991ರಲ್ಲಿ ಕಾಮ್ ಎಂಬ ಅಂತರರಾಷ್ಟ್ರೀಯ ಜಾಲ ಶುರುವಾಯಿತು.

ಅಳತೆಯ ಉಪಕರಣ ನೋಡಲು ಏನೂ ಅಲ್ಲ: ಒಂದು ಸೆಂಟಿಮೀಟರ್ ದಪ್ಪ, ಒಂದು ಮೀಟರಿಗಿಂತ ತುಸು ಉದ್ದದ, ಸೆಂ.ಮೀ. ಗೆರೆ ಕೊರೆದ ಉಕ್ಕಿನ ಸರಳು, ಮೇಲೆ ಅಡ್ಡ ಹಿಡಿ. ಚೌಕಾಕಾರದ ಜಾಗದಲ್ಲಿ 11 ಸಾಲು, ಸಾಲಿಗೆ 11 ಬಿಂದು, ಒಟ್ಟು 121. ಪ್ರತಿ ಬಿಂದುವಿನಲ್ಲೂ ಸರಳನ್ನು ನೆಟ್ಟಗೆ ಒತ್ತಿ, ತಡೆ ಸಿಕ್ಕಾಗ ನೆಲಮಟ್ಟದಲ್ಲಿ ಹೆಬ್ಬೆರಳು ಹಿಡಿದು, ಎತ್ತಿ ಓದಬೇಕು. ಎರಡು ಸಲ ಓದಿ ಸರಾಸರಿ ತೆಗೆಯಬೇಕು. ಕಷ್ಟವೆಲ್ಲ ಕೈಯ ಅಂದಾಜಿನದು. ಸರಳು ಕಲ್ಲಿಗೆ ತಾಗಿದರೆ 'ಟಣ್' ಎಂಬ ಅದುರು ಅಂಗೈಗೆ ಬರುತ್ತದೆ, ಹೆಪ್ಪಿಗೆ ತಾಗಿದರೆ ಮಂದವಾಗಿ ನಿಲ್ಲುತ್ತದೆ. ಕಲ್ಲಿಗೆ ತಾಗಿದ್ದನ್ನು ಹೆಪ್ಪು ಎಂದುಕೊಂಡರೆ ಆಳ ಕಡಿಮೆ ಬರುತ್ತದೆ. ಪಾಚಿಯನ್ನು ಬೆರಳಿನಿಂದ ಅದುಮಿ ಓದಿದರೆ ಎರಡು ಮೂರು ಸೆಂ.ಮೀ. ಹೋಯಿತು. ಸರಳು ವಾಲಿದರೆ ಆಳ ಹೆಚ್ಚು ತೋರುತ್ತದೆ. ಹುಲ್ಲಿನ ಗುಪ್ಪೆಯ ತಲೆಯ ಮೇಲೆ ಒಬ್ಬರು, ಗುಪ್ಪೆಗಳ ನಡುವೆ ಇನ್ನೊಬ್ಬರು ಚುಚ್ಚಿದರೆ ಆ ಎರಡನ್ನೂ ಹೋಲಿಸುವಂತೆಯೇ ಇಲ್ಲ. ಮೂರು ವಾರದಲ್ಲಿ ಶಿಕ್ಷಕಿಯ ಕೈ ಇದನ್ನೆಲ್ಲ ಕಲಿತಿತ್ತು.

ತೊಡಕು

ಮೊದಲನೆಯದು ಪಂಚಾಂಗದ್ದು. ಕರಗಿದ ಆಳ ಗರಿಷ್ಠವಾಗುವುದು ಆಗಸ್ಟ್ ಕೊನೆಗೆ, ಅಳೆಯಬೇಕಾದದ್ದೂ ಆಗಲೇ. ಆ ಪಟ್ಟಣದ ಶಾಲೆ ತೆರೆಯುವುದು ಸೆಪ್ಟೆಂಬರ್ ಮೊದಲ ವಾರ. ದಿನಚರಿಯ ಮುಕ್ಕಾಲು ಪಾಲನ್ನು ಓದಿದ್ದು ಸಹೋದ್ಯೋಗಿಗಳು ಮತ್ತು ಬಂಧುಗಳು. ಯಾರಿಗಾಗಿ ಬರೆದದ್ದೋ ಆ ಮಕ್ಕಳು ರಜೆಯಲ್ಲಿದ್ದರು.

ಎರಡನೆಯದು ನೇರ ಸಂಭಾಷಣೆಯದು. ಶಾಲೆ ತೆರೆದ ವಾರವೇ ಗೊತ್ತುಮಾಡಿದ್ದ ವೀಡಿಯೊ ಕರೆ ಎಂಟು ನಿಮಿಷಕ್ಕೆ ಕಡಿಯಿತು. ಇಡೀ ಕೇಂದ್ರದ ಜನ ಹಂಚಿಕೊಳ್ಳುವ ಇಂಟರ್ನೆಟ್ ಅದು, ವೀಡಿಯೊ ನಂಬಿ ಕೂರಬಾರದಿತ್ತು. ಎರಡು ದಿನ ಬಿಟ್ಟು ಮಾಡಿದ ಎರಡನೇ ಪ್ರಯತ್ನ ಸರಿಹೋಯಿತು. ಇಪ್ಪತ್ತು ಚಿತ್ರಗಳಿಗೆ ಸಂಖ್ಯೆ ಕೊಟ್ಟು ಹಿಂದಿನ ದಿನವೇ ಶಾಲೆಗೆ ಕಳಿಸಿದ್ದರು, ಕರೆ ಬರೀ ಧ್ವನಿಯದು. 'ಈಗ ಏಳನೆಯದು ನೋಡಿ' ಎಂದು ಅಲ್ಲಿಂದ ಹೇಳಿದರೆ ಇಲ್ಲಿ ಗುಂಡಿ ಒತ್ತುವವರು ಒಬ್ಬರು. ಪ್ರಶ್ನೆಗಳನ್ನು ಮಕ್ಕಳು ಮೊದಲೇ ಬರೆದು ಸರದಿ ನಿಂತಿದ್ದರು. ಧ್ವನಿ ತಡವಾಗಿ ತಲುಪುವುದರಿಂದ ಮಾತು ಮುಗಿದಾಗಲೆಲ್ಲ 'ಮುಗಿಯಿತು' ಎನ್ನಲೇಬೇಕೆಂಬ ನಿಯಮ. ಪಟ್ಟಣದ ಬೆಳಿಗ್ಗೆ ಹತ್ತು ಗಂಟೆ ಅಲಾಸ್ಕದಲ್ಲಿ ಏಳು, ತಂಡ ಬಯಲಿಗೆ ಹೊರಡುವ ಮುಂಚಿನ ಹೊತ್ತು. ತಂಡದ ಕೆಲಸಕ್ಕೂ ಅಡ್ಡಿಯಾಗಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಕೆಲಸ ಮುಗಿಸಿ ಮರಳುವ ಮುನ್ನ ತಂಡ ಕರಾವಳಿಯಲ್ಲಿ, ಅಲಾಸ್ಕದ ಮೂಲನಿವಾಸಿಗಳಾದ ಇನ್ಯೂಪಿಯಾಟ್ ಜನರ ಹಳ್ಳಿಯೊಂದಕ್ಕೆ ಹೋಗಿ ಸಮುದಾಯ ಭವನದಲ್ಲಿ ತನ್ನ ಕೆಲಸ ವಿವರಿಸಿತು. ಅಲ್ಲಿನ ಹಿರಿಯರೊಬ್ಬರು ಶಿಕ್ಷಕಿಯನ್ನು ಕರೆದೊಯ್ದು ತಮ್ಮ ಸಿಗ್ಲುವಾಕ್ ತೋರಿಸಿದರು. ಪರ್ಮಾಫ್ರಾಸ್ಟ್‌ನಲ್ಲಿ ಹಲವು ಮೀಟರ್ ಆಳಕ್ಕೆ ಅಗೆದ, ತಿಮಿಂಗಿಲದ ಮಾಂಸ ಕೆಡದಂತೆ ಇಡುವ ಕೋಣೆ ಅದು. ಕೆಳಗೆ ನೀರು ನಿಂತಿತ್ತು. ಶಿಕ್ಷಕಿ ಆ ರಾತ್ರಿಯೇ ಫೋಟೋ ಸಮೇತ ದಿನಚರಿಯಲ್ಲಿ ಬರೆದರು: ಹವಾಮಾನ ಬಿಸಿಯಾಗಿ ಹಾಳಾದ ಕೋಣೆ ಎಂದು. ಕೇಳಿರಲಿಲ್ಲ. ನಾಲ್ಕು ದಿನಕ್ಕೆ ಹಳ್ಳಿಯ ಶಾಲೆಯ ಮೇಷ್ಟರಿಂದ ಪತ್ರ ಬಂತು. ಅದು ಒಂದು ಮನೆತನದ, ಅವರ ಬೇಟೆ ತಂಡದ ಊಟದ ಉಗ್ರಾಣ, ಊರಿಗೆಲ್ಲ ತೋರಿಸುವ ವಸ್ತುವಲ್ಲ. ಜೊತೆಗೆ, ಬರೆದದ್ದು ಪೂರ್ತಿ ಸರಿಯೂ ಅಲ್ಲ. ಸಿಗ್ಲುವಾಕ್‌ಗೆ ನೀರು ನುಗ್ಗಲು ಬಿಸಿಯಾಗುತ್ತಿರುವ ನೆಲ ಒಂದು ಕಾರಣವಿರಬಹುದು. ಪಕ್ಕದಲ್ಲಿ ಬಂದ ರಸ್ತೆ, ಕಟ್ಟಡಕ್ಕೆ ತಡೆದು ರಾಶಿಬಿದ್ದ ಹಿಮ, ತಿರುಗಿದ ಮಳೆನೀರಿನ ಹಾದಿ ಇವೂ ಕಾರಣವಾಗುತ್ತವೆ. ಆ ಹಿರಿಯರಿಗೆ ಗೊತ್ತಿತ್ತು. ಯಾರೂ ಅವರನ್ನು ಕೇಳಲಿಲ್ಲ.

ಆರ್ಕ್ಟಿಕ್‌ನಲ್ಲಿ ಸಂಶೋಧನೆ ಮಾಡುವವರಿಗೆ ಅಮೆರಿಕದ ಸರ್ಕಾರಿ ಸಂಸ್ಥೆಗಳು 1990ರಲ್ಲೇ ನಡಾವಳಿ ಸೂತ್ರಗಳನ್ನು ರೂಪಿಸಿವೆ, 2018ರಲ್ಲಿ ಪರಿಷ್ಕರಿಸಿವೆ. ಸ್ಥಳೀಯರನ್ನು ಮೊದಲೇ ಕೇಳಬೇಕು, ಅವರ ಅರಿವಿಗೆ ಗೌರವ ಕೊಡಬೇಕು, ಫಲಿತಾಂಶ ಅವರಿಗೂ ತಲುಪಬೇಕು ಎಂಬುದು ಅದರ ತಿರುಳು. ವಿಜ್ಞಾನಿಗಳು ಅದನ್ನು ಓದಿರುತ್ತಾರೆ. ಜೊತೆಗೆ ಹೋದ ಶಿಕ್ಷಕರ ಕೈಯಲ್ಲಿ ಕ್ಯಾಮೆರಾ ಇರುತ್ತದೆ, ಅವರಿಗೂ ಅದು ಅಷ್ಟೇ ಅನ್ವಯಿಸುತ್ತದೆ ಎಂದು ತಂಡದಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ.

ಮಾಡಿದ್ದು

ಪತ್ರ ಬಂದ ದಿನವೇ ಫೋಟೋವನ್ನು ಅಳಿಸಿದರು. ದಿನಚರಿಯಿಂದ ಅಳಿಸಿ ಸುಮ್ಮನಿದ್ದಿದ್ದರೆ ಪ್ರಕರಣ ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಶಿಕ್ಷಕಿ ಹಿರಿಯರಿಗೆ ಕೈಬರಹದಲ್ಲಿ ಕ್ಷಮಾಪಣೆ ಬರೆದರು, ಮೇಷ್ಟರಿಗೆ ಬೇರೆ ಬರೆದರು. ಎರಡರಲ್ಲೂ ಸಮಜಾಯಿಷಿ ಇರಲಿಲ್ಲ. ಮೇಷ್ಟರಿಗೆ ಬರೆದ ಪತ್ರದ ಕೊನೆಗೆ ಮಾತ್ರ ಒಂದು ಪ್ರಶ್ನೆ: 'ನಿಮ್ಮ ಮಕ್ಕಳಿಗೆ ನಮ್ಮ ಕಡೆಯಿಂದ ಆಗಬೇಕಾದ ಕೆಲಸ ಏನಾದರೂ ಇದೆಯೇ' ಎಂದಷ್ಟೇ.

ಇತ್ತ ಪಟ್ಟಣದಲ್ಲಿ ಸ್ಲೈಡು ತೋರಿಸುವ ಕಾರ್ಯಕ್ರಮ ಐದು ತರಗತಿಗಳಲ್ಲಿ ನಡೆಯಿತು. ಮಕ್ಕಳು ಕೇಳಿದ್ದು ಕರಡಿ ಬಂತೇ, ಶೌಚಕ್ಕೆ ಏನು ಮಾಡಿದಿರಿ, ಸೊಳ್ಳೆ ಎಷ್ಟು. ಒಳ್ಳೆಯ ಪ್ರಶ್ನೆಗಳೇ. ಆದರೆ ಎರಡು ವಾರದ ನಂತರ, 121 ಕಡೆ ಚುಚ್ಚಿದ್ದು ಏಕೆ, ಒಂದೇ ಕಡೆ ಚುಚ್ಚಿದ್ದರೆ ಸಾಲದಿತ್ತೇ ಎಂದು ಕೇಳಿದಾಗ ಉತ್ತರಿಸಿದವರು ಬೆರಳೆಣಿಕೆಯವರು. ಶಿಕ್ಷಕಿ ಎಲ್ಲಿದ್ದರು ಎಂಬುದು ಮಕ್ಕಳಿಗೆ ನೆನಪಿತ್ತು, ಏನು ಮಾಡುತ್ತಿದ್ದರು ಎಂಬುದು ನೆನಪಿರಲಿಲ್ಲ.

ಉಳಿದ ಮೂರು ತರಗತಿಗಳ ಸ್ಲೈಡು ಕಾರ್ಯಕ್ರಮವನ್ನು ಅವರು ಕೈಬಿಟ್ಟರು. ಈ ಪ್ರಕರಣದ ಮೊದಲ ತಿರುವು ಇದು, ತೆಗೆದುಕೊಳ್ಳಲು ಸುಲಭದ ನಿರ್ಧಾರವಲ್ಲ. ಸಿದ್ಧಪಡಿಸಿದ್ದ ಚಿತ್ರಗಳು ಚೆನ್ನಾಗಿದ್ದವು, ಮುಖ್ಯೋಪಾಧ್ಯಾಯರಿಗೆ ಅವೇ ಬೇಕಾಗಿದ್ದವು.

ಬದಲಿಗೆ ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟಿ ತಂದರು. ತಳದಲ್ಲಿ ನೀರು ಹೆಪ್ಪುಗಟ್ಟಿಸಿ, ಅಲ್ಲಲ್ಲಿ ಕಲ್ಲು ಹುದುಗಿಸಿ, ಮೇಲೆ ಒದ್ದೆ ಮಣ್ಣು, ಅದರ ಮೇಲೆ ಪಾಚಿ. ಮಕ್ಕಳು ಸರಳು ಚುಚ್ಚಿ ಇದು ಕಲ್ಲು, ಇದು ಹೆಪ್ಪು ಎಂದು ಹೇಳಬೇಕು, ಆಮೇಲೆ ಅಗೆದು ನೋಡಬೇಕು. ಒಂದೇ ಬಿಂದುವಿಗೆ ಐವರು ಐದು ಅಂಕಿ ಹೇಳಿದಾಗ, ಸರಾಸರಿ ಯಾಕೆ ಬೇಕು ಎಂದು ಯಾರೂ ವಿವರಿಸಬೇಕಾಗಲಿಲ್ಲ. ಆದರೆ ತೊಟ್ಟಿಯ ಆಟ ಒಂದು ದಿನದ್ದು. ಚಳಿಗಾಲವಿಡೀ ನಡೆಯುವಂಥದು ಬೇಕಿತ್ತು, ಅದೂ ಮಕ್ಕಳ ಕಾಲಡಿಯ ನೆಲದಲ್ಲೇ.

ಆಗ ಕೈಗೆತ್ತಿಕೊಂಡದ್ದು ಹಿಮಕೊಳವೆ, ಅಂದರೆ ನೆಲ ಎಷ್ಟು ಆಳ ಹೆಪ್ಪುಗಟ್ಟಿದೆ ಎಂದು ನೋಡಲು ನೆಲದೊಳಗೆ ನೆಡುವ ನೀರಿನ ಕೊಳವೆ. ಗ್ಲೋಬ್ ಎಂಬ ಶಾಲಾ ವಿಜ್ಞಾನ ಕಾರ್ಯಕ್ರಮದಲ್ಲಿ ಇದಕ್ಕೆ ಗೊತ್ತಾದ ವಿಧಾನವೇ ಇದೆ. ಅಲಾಸ್ಕದ ಹಲವು ಹಳ್ಳಿಶಾಲೆಗಳ ಅಂಗಳದಲ್ಲಿ ಇಂಥ ಕೊಳವೆಗಳು ನಿಂತಿವೆ. ತತ್ವ ಸರಳ: ಬಣ್ಣ ಬೆರೆಸಿದ ನೀರು ಮೆಲ್ಲಗೆ ಹೆಪ್ಪುಗಟ್ಟುವಾಗ ಮಂಜುಗಡ್ಡೆಯ ಹರಳು ಬಣ್ಣವನ್ನು ಒಳಗೆ ಸೇರಿಸಿಕೊಳ್ಳದೆ ಹೊರದಬ್ಬುತ್ತದೆ. ಗಡ್ಡೆ ತಿಳಿಯಾಗಿ, ಕೆಳಗಿನ ನೀರು ಗಾಢವಾಗಿ ಕಾಣುತ್ತದೆ. ಇವೆರಡೂ ಸೇರುವ ಗೆರೆಯೇ ಹೆಪ್ಪಿನ ಆಳ. (ಇದನ್ನು ನೋಡಲು ಹಿಮದ ಊರೇ ಬೇಕಿಲ್ಲ. ಸ್ಟೀಲ್ ಲೋಟದ ಪಕ್ಕ ಮತ್ತು ತಳಕ್ಕೆ ದಪ್ಪ ಬಟ್ಟೆ ಸುತ್ತಿ, ತಿಳಿ ಬಣ್ಣದ ನೀರು ತುಂಬಿ ಫ್ರೀಜರಿನಲ್ಲಿಟ್ಟರೆ ಮೇಲಿನಿಂದ ಗಟ್ಟಿಯಾಗುತ್ತ ಬರುತ್ತದೆ. ಅರ್ಧ ಹೆಪ್ಪಾದಾಗ ತೆಗೆದು ನೋಡಬಹುದು.)

ತಯಾರಿ ಹೀಗೆ. ಹೊರಗೆ ಒಂದಿಂಚಿನ ಪಿವಿಸಿ ಪೈಪು, ತಳಕ್ಕೆ ಮುಚ್ಚಳ ಅಂಟಿಸಬೇಕು. ಒಳಗೆ ಅದಕ್ಕಿಂತ ತೆಳುವಾದ, ಬಾಗುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಅದರ ತಳಕ್ಕೆ ಬಿರಡೆ. ನೆಲಮಟ್ಟ ಬರುವಲ್ಲಿ ಸೊನ್ನೆ, ಅಲ್ಲಿಂದ ಕೆಳಗೆ 5 ಸೆಂ.ಮೀ.ಗೊಂದು ಗೆರೆ. ಕುದಿಸಿ ಆರಿಸಿದ ನೀರನ್ನೇ ಬಳಸಬೇಕು, ಇಲ್ಲವಾದರೆ ಗಾಳಿಗುಳ್ಳೆಗಳು ಸೇರಿ ಗೆರೆ ಗೊತ್ತಾಗದು. ಅಡುಗೆ ಬಣ್ಣ ಹನಿ ಲೆಕ್ಕದಲ್ಲಿ ಸಾಕು. ಮೊದಲ ಕೊಳವೆಯಲ್ಲಿ ಧಾರಾಳವಾಗಿ ಹಾಕಿದ್ದರಿಂದ ಗಡ್ಡೆಯೂ ಬಣ್ಣವಾಗಿಯೇ ಕಂಡು ಅಳತೆ ಕೆಟ್ಟಿತು. ನೀರನ್ನು ಸೊನ್ನೆಯ ಗೆರೆಯವರೆಗೆ ಮಾತ್ರ ತುಂಬಿ ಮೇಲೆ ಕನಿಷ್ಠ 15 ಸೆಂ.ಮೀ. ಖಾಲಿ ಬಿಡಬೇಕು, ಏಕೆಂದರೆ ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ. ಎರಡು ಕೊಳವೆಗಳ ನಡುವಿನ ಸಂದಿಗೆ ನೆಲಮಟ್ಟದ ಮೇಲೆ ಸ್ಪಂಜು ತುರುಕಬೇಕು. ತುರುಕದಿದ್ದರೆ ತಣ್ಣನೆ ಗಾಳಿ ಸಂದಿಯಲ್ಲಿ ಕೆಳಗಿಳಿದು ನೆಲಕ್ಕಿಂತ ಮೊದಲೇ ನೀರನ್ನು ಹೆಪ್ಪುಗಟ್ಟಿಸುತ್ತದೆ.

ಗುಂಡಿಯನ್ನು ಕೈ ಬೈರಿಗೆಯಿಂದ ಪೈಪು ಬಿಗಿಯಾಗಿ ಹೋಗುವಷ್ಟೇ ಅಗಲಕ್ಕೆ, ಅಕ್ಟೋಬರ್ ನಡುವಿನೊಳಗೆ ಕೊರೆಯಬೇಕು. ಅದಕ್ಕೆ ಮೊದಲು 811ಕ್ಕೆ ಕರೆ ಮಾಡಿ ಕೆಳಗೆ ಗ್ಯಾಸು, ಕರೆಂಟು, ನೀರಿನ ಲೈನು ಇಲ್ಲವೆಂದು ಗುರುತು ಹಾಕಿಸಿಕೊಳ್ಳುವುದು ಅಮೆರಿಕದಲ್ಲಿ ನಿಯಮ. ಪೈಪಿನ ಸುತ್ತ ಅದೇ ಮಣ್ಣನ್ನು ಸಂದಿ ಉಳಿಯದಂತೆ ಕುಟ್ಟಿ ತುಂಬಬೇಕು.

ಎರಡು ಕೊಳವೆ ನೆಟ್ಟರು, 1.2 ಮೀಟರ್ ಆಳಕ್ಕೆ. ಒಂದು ಹುಲ್ಲುಹಾಸಿನಲ್ಲಿ, ಇನ್ನೊಂದು ಹಿಮ ಬಿದ್ದಾಗಲೆಲ್ಲ ತೆರವು ಮಾಡುವ ವಾಹನ ನಿಲ್ದಾಣದ ಅಂಚಿನಲ್ಲಿ. ವಾರಕ್ಕೊಮ್ಮೆ, ಬುಧವಾರ, ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಓದಿ ಬರೆಯುತ್ತಿದ್ದರು.

ಡಿಸೆಂಬರಿನಲ್ಲಿ ಹುಲ್ಲುಹಾಸಿನ ಅಂಕಿ ಇದ್ದಕ್ಕಿದ್ದಂತೆ ಆಳಕ್ಕಿಳಿಯತೊಡಗಿತು. ಚಳಿ ಹೆಚ್ಚಿರಲಿಲ್ಲ. ಕಾರಣ ಮಕ್ಕಳೇ: ನೋಡುವ ಉತ್ಸಾಹದಲ್ಲಿ ಕೊಳವೆಯ ಸುತ್ತಲಿನ ಹಿಮವನ್ನೆಲ್ಲ ತುಳಿದಿದ್ದರು. ಸಡಿಲ ಹಿಮ ನೆಲಕ್ಕೆ ಹೊದಿಸಿದ ಕಂಬಳಿ, ತುಳಿದರೆ ಅದರೊಳಗಿನ ಗಾಳಿ ಹೋಗಿ ಚಳಿ ಕೆಳಗಿಳಿಯುತ್ತದೆ. ಅಲ್ಲಿಂದ ಮುಂದೆ ಹಲಗೆ ಹಾಕಿ, ಒಂದೇ ಕಡೆಯಿಂದ, ಒಬ್ಬರೇ ಹೋಗುವುದೆಂದಾಯಿತು. ಹಾಳಾದ ಮೂರು ವಾರದ ಅಂಕಿಗಳನ್ನು ಅಳಿಸದೆ ಪಕ್ಕದಲ್ಲಿ 'ಹಿಮ ತುಳಿಯಲಾಗಿದೆ' ಎಂದು ಬರೆದಿಟ್ಟರು. ಟಂಡ್ರಾದಲ್ಲಿ ಹಲಗೆಯ ಕಾಲುದಾರಿ ಏಕೆ ಹಾಕಿರುತ್ತಾರೆ ಎಂಬುದು ಆ ವಾರ ಎಲ್ಲರಿಗೂ ಗೊತ್ತಾಯಿತು.

ಹಳ್ಳಿಯ ಕೊಳವೆ

ಮೇಷ್ಟರಿಗೆ ಕೇಳಿದ್ದ ಪ್ರಶ್ನೆಯ ಮುಂದುವರಿಕೆಯಾಗಿ, ಸೆಪ್ಟೆಂಬರಿನಲ್ಲೇ ಒಂದು ಕೊಳವೆಯ ಸಾಮಾನನ್ನು ಹಳ್ಳಿಗೂ ಕಳಿಸಿದ್ದರು. ಬೇಕಾದರೆ ನೆಡಿ, ಎಲ್ಲಿ ಎಂಬುದು ನಿಮ್ಮ ಆಯ್ಕೆ, ಅಂಕಿ ನಮಗೆ ಕೊಡುವುದೂ ಬಿಡುವುದೂ ನಿಮಗೆ ಬಿಟ್ಟದ್ದು ಎಂಬ ಚೀಟಿಯೊಡನೆ. ಎಲ್ಲಿ ನೆಡುವುದೆಂದು ಅಲ್ಲಿನ ಮಕ್ಕಳು ಹಿರಿಯರನ್ನೇ ಕೇಳಿದರು. ಹೆಪ್ಪುನೆಲ ಕೈಬೈರಿಗೆಗೆ ಜಗ್ಗದೆ ಗುಂಡಿ 60 ಸೆಂ.ಮೀ.ಗೆ ನಿಂತಿತು.

ನವೆಂಬರಿನಲ್ಲಿ ಹಳ್ಳಿಯಿಂದ ಬಂದ ಫೋಟೋದಲ್ಲಿ ಒಳಗೊಳವೆ ಸೀಳಿತ್ತು. ಪಟ್ಟಣದ ಮಕ್ಕಳು ಮೊದಲು ಅಂದುಕೊಂಡದ್ದು ಕೆಟ್ಟ ಕೊಳವೆ ಕಳಿಸಿದೆವು ಎಂದು. ಹೊಸದೊಂದನ್ನು ಕಟ್ಟಿ ಕಳಿಸಲು ಹೊರಟಾಗ ಹುಡುಗಿಯೊಬ್ಬಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಸೀಳು ತಳದಲ್ಲಿರಲಿಲ್ಲ, 35ರ ಗೆರೆಯ ಹತ್ತಿರವಿತ್ತು. ಬಣ್ಣ ಅತಿ ಗಾಢವಾಗಿದ್ದದ್ದೂ ಅಲ್ಲೇ, ಎರಡು ಬೆರಳಗಲದ ಪಟ್ಟಿಯಾಗಿ. ಮೇಲೆಯೂ ಕೆಳಗೆಯೂ ತಿಳಿ.

ಮೇಲಿನಿಂದಷ್ಟೇ ಹೆಪ್ಪುಗಟ್ಟಿದ್ದರೆ ಬಣ್ಣ ತಳಕ್ಕೆ ಹೋಗಿ ಸೇರಬೇಕಿತ್ತು, ಸೀಳಿದರೂ ತಳದಲ್ಲೇ ಸೀಳಬೇಕಿತ್ತು. ನಡುವೆ ಸಿಕ್ಕಿಬಿದ್ದಿದೆ ಎಂದರೆ ಹೆಪ್ಪು ಎರಡೂ ಕಡೆಯಿಂದ ಬಂದಿದೆ. ಪರ್ಮಾಫ್ರಾಸ್ಟ್ ಸೀಮೆಯಲ್ಲಿ ನಡೆಯುವುದು ಇದೇ: ಶರತ್ಕಾಲದಲ್ಲಿ ಮೇಲಿನಿಂದ ಗಾಳಿಯ ಚಳಿ, ಕೆಳಗಿನಿಂದ ಹೆಪ್ಪುನೆಲದ ಚಳಿ. ನಡುವಿನ ಒದ್ದೆ ಮಣ್ಣು ವಾರಗಟ್ಟಲೆ ಸೊನ್ನೆ ಡಿಗ್ರಿಯಲ್ಲೇ ನಿಂತು ಕೊನೆಗೆ ಗಟ್ಟಿಯಾಗುತ್ತದೆ. ಕೊನೆಗೆ ಉಳಿದ ನೀರಿಗೆ ಹಿಗ್ಗಲು ಜಾಗವಿಲ್ಲ, ಕೊಳವೆ ಸೀಳುತ್ತದೆ. ಪಠ್ಯದಲ್ಲಿ ಒಂದು ಸಾಲಿನ ಸಂಗತಿ. ಇಲ್ಲಿ ಎರಡು ತರಗತಿಗಳು ಮೂರು ವಾರ ಪತ್ರ ಬರೆದುಕೊಂಡು ಅದನ್ನು ಕಂಡುಕೊಂಡವು. ಹಿರಿಯರಿಗೆ ಇದನ್ನು ಹೇಳಿದಾಗ ಅವರು, ಕೋಣೆ ಅಗೆಯುವಾಗ ಕೊನೆಗೆ ಗಟ್ಟಿಯಾಗುವ ಆ ಪದರವನ್ನು ದಾಟಿ ಅಗೆಯಬೇಕೆಂದು ತಮ್ಮ ತಂದೆ ಹೇಳುತ್ತಿದ್ದರು ಎಂದರಂತೆ. ಮೇಷ್ಟರು ಅದನ್ನು ಅವರ ಅನುಮತಿ ಕೇಳಿಯೇ ಬರೆದು ಕಳಿಸಿದರು.

ಊರಿನವರು

ಪಟ್ಟಣದ ಗ್ರಂಥಾಲಯದಲ್ಲಿ ಅಕ್ಟೋಬರಿನಲ್ಲಿ ನಡೆದ ಮೊದಲ ಉಪನ್ಯಾಸಕ್ಕೆ ಬಂದವರು ಹೆಚ್ಚಾಗಿ ಶಿಕ್ಷಕರೇ. ಫೆಬ್ರವರಿಯ ಎರಡನೆಯದರಲ್ಲಿ ಮಾತಾಡಿದ್ದು ಮಕ್ಕಳು, ವಿಷಯ 'ನಮ್ಮೂರಿನ ನೆಲ ಎಷ್ಟು ಆಳ ಹೆಪ್ಪುಗಟ್ಟಿದೆ'. ನಗರಸಭೆಯ ನೀರು ಸರಬರಾಜು ವಿಭಾಗದವರೊಬ್ಬರು ತಾವಾಗಿಯೇ ಬಂದರು. ಹಿಮ ತೆರವು ಮಾಡಿದ ಕಡೆ ಹೆಪ್ಪು ಹುಲ್ಲುಹಾಸಿನ ಕಡೆಗಿಂತ ದುಪ್ಪಟ್ಟಿಗೂ ಆಳಕ್ಕೆ ಹೋಗಿದ್ದು ಅವರಿಗೆ ಬೇಕಾದ ಸುದ್ದಿ, ಏಕೆಂದರೆ ಹೆಪ್ಪುಗಟ್ಟುವ ಪೈಪುಗಳು ರಸ್ತೆಯಡಿಯವು. ಚಳಿ ತಗ್ಗಿದ ಮೇಲೂ ಹೆಪ್ಪು ಕೆಲವು ವಾರ ಕೆಳಗಿಳಿಯುತ್ತಲೇ ಇರುತ್ತದೆ. 2014ರ ಚಳಿಗಾಲದ ಕೊನೆಗೆ ಆ ಸೀಮೆಯ ಹಲವು ಊರುಗಳಲ್ಲಿ ನಲ್ಲಿಯನ್ನು ಸಣ್ಣಗೆ ಬಿಟ್ಟೇ ಇರಿ ಎಂದು ಜನರಿಗೆ ಹೇಳಬೇಕಾಗಿ ಬಂದದ್ದು ಇದರಿಂದಲೇ. ಈಗ ಬುಧವಾರದ ಅಂಕಿ ಆ ವಿಭಾಗಕ್ಕೂ ಹೋಗುತ್ತದೆ.

ಇಂಥ ಕೆಲಸಕ್ಕೆ ಹೊರಡುವ ಶಿಕ್ಷಕರು ಈ ಪ್ರಕರಣದಿಂದ ಎತ್ತಿಕೊಳ್ಳಬೇಕಾದ ಮುಖ್ಯ ವಿಷಯ ಕ್ರಮದ್ದು ಎಂದು ನಮ್ಮ ಎಣಿಕೆ. ಶಿಕ್ಷಕಿ ಪಯಣವನ್ನು ಮೊದಲು ತೋರಿಸಿ ಉಪಕರಣವನ್ನು ಆಮೇಲೆ ಕೊಟ್ಟರು, ಅದು ತಿರುವುಮುರುವಾಗಬೇಕಿತ್ತು. ಹೊರಡುವ ಮೊದಲೇ, ಮೇ ತಿಂಗಳಲ್ಲೇ ಮಕ್ಕಳ ಕೈಗೆ ಸರಳು ಕೊಟ್ಟಿದ್ದರೆ ಆಗಸ್ಟಿನ ದಿನಚರಿಗೆ ಓದುಗರಿರುತ್ತಿದ್ದರು. ಹಳ್ಳಿಯ ವಿಷಯದಲ್ಲಿ ಇನ್ನೂ ಸ್ಪಷ್ಟ: ಕ್ಯಾಮೆರಾ ತೆಗೆಯುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ಫೋಟೋ ತೆಗೆಯಬಹುದೇ, ಯಾರಿಗೆ ತೋರಿಸಬಹುದು, ಅದರ ಬಗ್ಗೆ ಏನು ಬರೆಯಲಿ. ಮೂರನೆಯದನ್ನೇ ಹೆಚ್ಚಿನವರು ಮರೆಯುವುದು.

ಏಪ್ರಿಲಿನಲ್ಲಿ ಪಟ್ಟಣದ ಮಕ್ಕಳಿಗೆ ಕೊಳವೆ ಓದುವುದು ಕಷ್ಟವಾಯಿತು. ಮೇಲೆ ಕರಗಿದ ನೀರಿಗೆ ಬಣ್ಣವಿಲ್ಲ, ಗಡ್ಡೆಗೂ ಬಣ್ಣವಿಲ್ಲ, ಕಣ್ಣಿಗೆ ಎರಡೂ ಒಂದೇ. ಒಬ್ಬ ಹುಡುಗ ಕೊಳವೆಯನ್ನು ಮೇಲಿನಿಂದ ಕೆಳಕ್ಕೆ ಬೆರಳಿನಿಂದ ಒತ್ತುತ್ತ ಹೋದ. ಮೆತ್ತಗೆ, ಮೆತ್ತಗೆ, ಗಟ್ಟಿ, ಗಟ್ಟಿ, ಮತ್ತೆ ಮೆತ್ತಗೆ. ಹೆಪ್ಪು ಕೆಳಗಿನಿಂದಲೂ ಕರಗುತ್ತಿತ್ತು. ಜೂನ್ ಕೊನೆಗೆ ಹಳ್ಳಿಯಿಂದ ಅಂಕಿ ಬಂತು, ಅವರೂ ಹೊಸ ಕೊಳವೆಯನ್ನು ಬೆರಳಿನಿಂದಲೇ ಒತ್ತಿ ನೋಡಿದ್ದರು: ಮೇಲೆ ಹತ್ತು ಸೆಂ.ಮೀ. ಮೆತ್ತಗೆ, ಅಲ್ಲಿಂದ ತಳದವರೆಗೆ ಗಟ್ಟಿ. ಒಂದು ಊರಲ್ಲಿ ನೆಲ ಒಂದು ಕಡೆಯಿಂದ ಹೆಪ್ಪುಗಟ್ಟಿ ಎರಡು ಕಡೆಯಿಂದ ಕರಗುತ್ತದೆ, ಇನ್ನೊಂದರಲ್ಲಿ ಎರಡು ಕಡೆಯಿಂದ ಹೆಪ್ಪುಗಟ್ಟಿ ಒಂದೇ ಕಡೆಯಿಂದ ಕರಗುತ್ತದೆ. ಎರಡೂ ಊರಿನ ಅಂಕಿಗಳ ನಕ್ಷೆಗಳನ್ನು ಒಂದೇ ಹಾಳೆಯಲ್ಲಿ ಬರೆದು ಪ್ರತಿಯನ್ನು ಹಳ್ಳಿಗೆ ಕಳಿಸಿದ್ದಾರೆ. ತಲೆಬರಹದ ಜಾಗವನ್ನು ಖಾಲಿ ಬಿಟ್ಟಿದ್ದಾರೆ, ಹಳ್ಳಿಯ ಮಕ್ಕಳು ತಮ್ಮ ಇನ್ಯೂಪಿಯಾಕ್ ಭಾಷೆಯಲ್ಲಿ ತುಂಬಿ ಕಳಿಸಬೇಕಾಗಿದೆ.